ಕಾಣದ ಖಾನೆ

ಲ್ಯಾಪ್‌ಟಾಪಿನ ಕೀಲಿಗಳ ಸಂದಿಯಲ್ಲಿ ರೊಟ್ಟಿಯ ಹಿಟ್ಟು ಇನ್ನೂ ಕೂತಿತ್ತು. ಕಮಲಾಪುರಕ್ಕೆ ಹೊರಟ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಸೆರಗಿನ ತುದಿಯನ್ನು ಬತ್ತಿಯಂತೆ ಹೊಸೆದು, ವಿದ್ಯಾವತಿ ಆ ಬಿಳಿಯನ್ನು ತೆಗೆಯಲು ನೋಡಿದಳು. ಅದು ಇನ್ನಷ್ಟು ಒಳಕ್ಕೆ ಹೋಯಿತು. ನಿನ್ನೆ ಬೆಳಿಗ್ಗೆ ದೇವೀಂದ್ರಪ್ಪನ ಫೋನು ಬಂದಾಗ ಅವಳ ಎರಡೂ ಕೈ ಜೋಳದ ಹಿಟ್ಟಿನಲ್ಲಿದ್ದವು. ಕಮಲಾಪುರದ ಕೆಂಪು ಬಾಳೆ ಬೆಳೆಗಾರರ ಸಂಘಕ್ಕೆ ಅವನು ಕಾರ್ಯದರ್ಶಿ. ಸಂಘದ ವೆಬ್‌ಸೈಟನ್ನು ಕಟ್ಟಿಕೊಟ್ಟವಳು, ಕೆಟ್ಟಾಗ ರಿಪೇರಿ ಮಾಡುವವಳು ಇವಳು. ಹಂಚು ಕಾದು ಮೊದಲ ರೊಟ್ಟಿ ಬಿದ್ದ ಕೂಡಲೇ ಫೋನು ಮಾಡಬೇಕೆಂದು ಅವನಿಗೆ ಯಾರೋ ಹೇಳಿಕೊಟ್ಟಂತಿತ್ತು. ಮೊಣಕೈಯಿಂದ ಸ್ಪೀಕರ್ ಒತ್ತಿದ್ದಳು.

"ಬಾಯಾರ, ಆ ಹುಡುಗಿಗ ಎಲ್ಲಾ ಯಾಕ ಕಾಣಬೇಕ್ರಿ?"

"ಯಾವ ಹುಡುಗಿಗ್ರಿ?" ಎಂದಿದ್ದಳು, ಗೊತ್ತಿದ್ದೂ.

"ಅದೇರೀ, ನಮ್ಮ ಆಪರೇಟರ್ ಪಂಚಶೀಲಾ. ಆಕಿ ಲೆವೆಲ್ ಎಷ್ಟದ, ಅಷ್ಟೇ ಕಾಣಲಿ. ವಾಪಸ್ ಮಾಲಿನ ಖಾನಿ ಆಕಿಗ್ಯಾಕ? ನಮ್ಮಂಥಾ ಡೈರೆಕ್ಟರಿಗೆ ಕಂಡ್ರ ಸಾಕಲ್ಲ."

ಡೈರೆಕ್ಟರುಗಳು ಯಾರೂ ತಮ್ಮ ಹೆಸರಿನಲ್ಲಿ ಒಳಗೆ ಬರುವುದೇ ಇಲ್ಲ, ಪಾಸ್‌ವರ್ಡ್ ಕೊಟ್ಟ ದಿನವೇ ಮರೆತಿದ್ದಾರೆ, ಎಲ್ಲರೂ ನೋಡುವುದು ಪಂಚಶೀಲಾಳ ಕುರ್ಚಿಯ ಹಿಂದೆ ಕೂತು, ಆಕೆಯ ಹೆಸರಿನಲ್ಲಿ, ಆಕೆಯ ಬಾಯಿಂದ, ಎಂದು ಅವಳು ಹೇಳಬೇಕಿತ್ತು. ಹೇಳಲಿಲ್ಲ. ರೊಟ್ಟಿ ಸೀಯುತ್ತಿತ್ತು. "ಆಗ್ತದ್ರಿ" ಎಂದಳು. ಅಷ್ಟಕ್ಕೆ ಮುಗಿಯಬೇಕಿದ್ದ ಮಾತು ಎಂದಿನಂತೆ ಮುಗಿಯಲಿಲ್ಲ. "ಜರಾ ಯಜಮಾನ್ರ ಕಡಿ ಫೋನ್ ಕೊಡ್ರಿ" ಎಂದ ದೇವೀಂದ್ರಪ್ಪ. ನಂದೂರಿನ ಬೇಳೆ ಮಿಲ್ಲಿನಲ್ಲಿ ಸೂಪರ್‌ವೈಸರ್ ಆಗಿರುವ ಗಂಡ ಅರುಣಕುಮಾರನಿಗೆ ಕಂಪ್ಯೂಟರ್ ಎಂದರೆ ಸಿನಿಮಾ ನೋಡುವ ದೊಡ್ಡ ಫೋನು. ಆದರೂ ಅವನು ಗಲ್ಲದ ಮೇಲಿನ ನೊರೆಯನ್ನು ಒರೆಸಿಕೊಂಡು ಫೋನು ಹಿಡಿದು, ತನ್ನ ಅಂಗಡಿಯ ಸಾಮಾನಿನ ಬಗ್ಗೆ ಮಾತಾಡುವವನ ಹಾಗೆ, "ಆಗ್ತದ್ರಿ ಸಾವಕಾರ್ರ, ನಾ ಮಾಡಸ್ತೀನಿ" ಎಂದ. ಫೋನು ಇಟ್ಟ ಮೇಲೆ, "ಏನಂತದು, ಏನೋ ಖಾನಿ ಅಂತಿದ್ದ?" ಎಂದು ಕೇಳಿದ. ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದ ಲ್ಯಾಪ್‌ಟಾಪಿನಲ್ಲಿ, ಹಿಟ್ಟು ಮೆತ್ತಿದ ಬೆರಳಿನಿಂದಲೇ, ಒಂದು ಗುರುತನ್ನು ತೆಗೆದಳು. ಒಂದು ರೊಟ್ಟಿ ಮಗುಚುವಷ್ಟು ಹೊತ್ತೂ ಹಿಡಿಯಲಿಲ್ಲ.

ಸೈಟಿನ ಒಳಬಾಗಿಲು ತೆರೆದು ಹೆಸರು ಹೇಳಿ ಒಳಗೆ ಬಂದರೆ ಮೊದಲು ಕಾಣುವ ಪುಟವೇ ಆ ಖಾನೆಗಳ ಪುಟ. ಒಂದರಲ್ಲಿ ಇವತ್ತಿನ ಆರ್ಡರು, ಒಂದರಲ್ಲಿ ಗಿರಾಕಿಗಳು ಬರೆದ ಮಾತು, ಒಂದರಲ್ಲಿ ಯಾವ ತೋಟದ ಮಾಲು ಎಲ್ಲಿಂದ ಯಾಕೆ ವಾಪಸು ಬಂತು ಎಂಬುದು. ಅವುಗಳಿಗೆ ವಿಜೆಟ್ ಎಂದು ಹೆಸರು ಎಂದು ಇವಳು ಹೇಳಿದ್ದಳು. ಕಮಲಾಪುರದವರು ಎರಡು ದಿನ ಆ ಶಬ್ದವನ್ನು ಬಾಯಲ್ಲಿ ಆಡಿಸಿ ನೋಡಿ, ಉಗುಳಿ, ಖಾನೆ ಎಂದು ಕರೆದರು. ಯಾರಿಗೆ ಯಾವ ಖಾನೆ ಕಾಣಬೇಕು ಎಂಬುದಕ್ಕೆ ಇವಳ ಬಳಿ ಒಂದು ಬೇರೆ ಪುಟ. ಎಡಕ್ಕೆ ಖಾನೆಗಳು, ಮೇಲೆ ಅಂತಸ್ತುಗಳು, ನಡುವೆ ಗುರುತು ಹಾಕುವ ಸಣ್ಣ ಚೌಕ. ಆ ಅಂತಸ್ತುಗಳ ಹೆಸರಿಡುವ ದಿನ ಆದ ರಂಪವನ್ನು ನೆನೆದರೆ ಈಗಲೂ ತಲೆ ಬಿಸಿಯಾಗುತ್ತದೆ. ಎಲ್ಲರಿಗೂ ಅಡ್ಮಿನ್ನೇ ಆಗಬೇಕು. ಸಂಘದ ಹಿರಿಯ ದೌಲಪ್ಪ, ಕಿವಿ ಮಂದ, ಆದರೆ ತನಗೆ ಬೇಕಾದದ್ದು ಮಾತ್ರ ಚೆನ್ನಾಗಿ ಕೇಳಿಸುವ ಮುದುಕ, ಕೇಳಿದ್ದ: "ನಾ ಏನವ್ವಾ ಇದರಾಗ?" ಇವಳು ಹೇಳಿದ್ದಳು. "ಅದು ದೇವೀಂದ್ರಪ್ಪನ ಕೆಳಗೇನು?" ಕೆಳಗೆ ಮೇಲೆ ಅಂತ ಏನಿಲ್ರಿ ಅಜ್ಜಾರ, ಅದು ಬರೇ ಕೆಲಸದ ಹೆಸರು ಎಂದಿದ್ದಳು. "ಕೆಳಗ ಮ್ಯಾಲ ಇಲ್ದಿದ್ರ ಮ್ಯಾಲಿಂದೇ ಕೊಡು" ಎಂದ ಮುದುಕ. ಕೊಟ್ಟಳು. ಎಲ್ಲರಿಗೂ ಕೊಟ್ಟಳು. ಪಂಚಶೀಲಾ ಒಬ್ಬಳೇ ಏನೂ ಕೇಳಿರಲಿಲ್ಲ. ಆಕೆಗೆ ಎಡಿಟರ್ ಎಂದು ಹಾಕಿದಾಗ, "ಸಾಕ್ರಿ ಅಕ್ಕಾರ, ಕೆಲಸ ನಡದ್ರ ಆತು" ಎಂದಿದ್ದಳು.

ಬಸ್ಸು ಬ್ರಹ್ಮಪುರ ದಾಟಿತು. ಪಕ್ಕದಲ್ಲಿ ಕೂತವಳು ಕಿಟಕಿ ಸರಿಸು ಎಂದಳು, ಸರಿಸಿದರೆ ಧೂಳು ಎಂದಳು, ಮುಚ್ಚಿದರೆ ಸೆಕೆ ಎಂದಳು. ವಿದ್ಯಾವತಿ ಮೂರೂ ಮಾಡಿದಳು. ಹೇಳಿದ್ದನ್ನು ಮಾಡುವ ಈ ಕೈಗಳು ಎಂದಿನಿಂದ ಹೀಗಾದವೋ. ತವರುಮನೆಯಲ್ಲಿ ಅಜ್ಜಿ ನೀಲಗಂಗಮ್ಮನಿಗೆ ಯಾವ ಪುಟವೂ ಬೇಕಿರಲಿಲ್ಲ. ಹಾಲಿನವನು ಕಟ್ಟೆಯವರೆಗೆ, ಬಳೆಗಾರ ಪಡಸಾಲೆಯವರೆಗೆ, ಬೀಗರು ನಡುಮನೆಯವರೆಗೆ, ಹೊಟ್ಟೆಯಲ್ಲಿ ಹುಟ್ಟಿದವರು ಒಲೆಯವರೆಗೆ. ಅಜ್ಜಿ ಯಾರನ್ನೂ ಬೈದು ನಿಲ್ಲಿಸುತ್ತಿರಲಿಲ್ಲ. ಬಂದವರು ತಾವಾಗಿಯೇ ನಿಲ್ಲುತ್ತಿದ್ದರು, ನೆಲದಲ್ಲಿ ಗೆರೆ ಕಂಡವರ ಹಾಗೆ. ಒಮ್ಮೆ ಶಾಲೆಯ ಗೆಳತಿಯೊಬ್ಬಳು ನೀರು ಕೇಳುತ್ತ ನೇರ ಒಳಗೆ ನಡೆದುಬಂದಾಗ ಅಜ್ಜಿ ನಕ್ಕು, "ಬಾ ಯವ್ವಾ, ಹೊರಗ ಗಾಳಿ ಛಲೋ ಅದ" ಎಂದು ಭುಜ ಹಿಡಿದು ತಿರುಗಿಸಿದ್ದಳು. ಎಷ್ಟು ಮೃದುವಾದ ಕೈ! ಆ ಹುಡುಗಿ ಹೊರಗೆ ಕೂತು ಗಾಳಿ ಚೆನ್ನಾಗಿದೆ ಎಂದೇ ನಂಬಿ ನೀರು ಕುಡಿದಳು. ಆ ಹುಡುಗಿಯ ಹೆಸರು ಎಷ್ಟು ಹುಡುಕಿದರೂ ಸಿಗಲಿಲ್ಲ. ಸಿಕ್ಕಿದ್ದು ಬರೇ ಆಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ ರೀತಿ.

ಫೋನಿನಲ್ಲಿ ಪಂಚಶೀಲಾಳ ಧ್ವನಿ ಸಂದೇಶ ಹಾಗೆಯೇ ಇತ್ತು. ನಿನ್ನೆ ಬಂದದ್ದು. ಕೇಳಿಯೂ ಆಗಿತ್ತು, ಕೇಳಿದ್ದಾಳೆಂದು ಆ ಕಡೆ ನೀಲಿ ಗುರುತೂ ಬಿದ್ದಿರುತ್ತದೆ. ಈಗ ಕಿವಿಗೆ ಒತ್ತಿಹಿಡಿದು ಮತ್ತೆ ಕೇಳಿದಳು. "ಅಕ್ಕಾರ, ಒಂದು ಖಾನಿ ಕಾಣವಲ್ದುರೀ. ವಾಪಸ್ ಮಾಲಿಂದು. ನನ್ನ ಕಡಿಂದ ಏನರೆ ತಪ್ಪಾಗ್ಯದೇನ್ರಿ? ಜರಾ ಹೇಳ್ರಿ, ನಾಳಿ ಓದೂದದ." ಓದೂದದ. ಆ ಓದಿನ ಬಗ್ಗೆ ಆಕೆಯೇ ಹಿಂದೆ ನಗುತ್ತ ಹೇಳಿದ್ದಳು: ಬೆಳಗಾಗುತ್ತಲೇ ಚಹಾದ ಹೊತ್ತಿಗೆ ಎಲ್ಲರೂ ಸಂಘದ ಕೋಣೆಗೆ ಬಂದು ಕೂಡುತ್ತಾರೆ, ಕಟ್ಟೆಯ ಮೇಲೆ ಪೇಪರ್ ಓದಿಸಿದಂತೆ ಖಾನೆಗಳನ್ನು ಮೇಲಿಂದ ಕೆಳಗೆ ಜೋರಾಗಿ ಓದಿಸುತ್ತಾರೆ, ನಡುವೆ ನಡುವೆ ಜಗಳ, ನಡುವೆ ನಗು, ತನ್ನ ಚಹಾ ಮಾತ್ರ ದಿನಾ ತಣ್ಣಗೆ. ದೇವೀಂದ್ರಪ್ಪನ ತೋಟದ ಮಾಲು ವಾರಗಟ್ಟಲೆಯಿಂದ ವಾಪಸು ಬರುತ್ತಿತ್ತು, ಕಾಯಿಯಲ್ಲೇ ಕಡಿದು ಕಾರ್ಬೈಡ್ ಪುಡಿ ಇಟ್ಟು ಹಣ್ಣು ಮಾಡಿದ್ದೆಂದು. ಅದು ಎಲ್ಲರಿಗೂ ಗೊತ್ತಿತ್ತು. ಗೊತ್ತಿರುವುದು ಬೇರೆ, ಹತ್ತು ಜನರ ನಡುವೆ ಒಬ್ಬ ಹುಡುಗಿಯ ಸ್ಪಷ್ಟ ದನಿಯಲ್ಲಿ ಹೆಸರು ಹಿಡಿದು ಓದಿಸಿಕೊಳ್ಳುವುದು ಬೇರೆ. ಇದೆಲ್ಲ ವಿದ್ಯಾವತಿಗೆ ನಿನ್ನೆ ರೊಟ್ಟಿ ಮಗುಚುವಾಗ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದ್ದುದನ್ನು ಅಷ್ಟು ಹೊತ್ತು ಪಕ್ಕಕ್ಕೆ ಸರಿಸಿಟ್ಟಳು, ಅಷ್ಟೇ. ಇವತ್ತಿನ ಪ್ರಯಾಣ ಮೊದಲೇ ಗೊತ್ತುಮಾಡಿದ್ದು, ಫೋಟೋ ಹಾಕುವುದನ್ನು ಪಂಚಶೀಲಾಳಿಗೆ ಕಲಿಸಿ ಬರಬೇಕೆಂದು. ಬೆಳಿಗ್ಗೆ ಜ್ವರ ಬಂದಂತೆ ಅನಿಸಿತ್ತು. ಥರ್ಮಾಮೀಟರ್ ಇಟ್ಟು ನೋಡಿದರೆ ಹಾಳಾದ ಜ್ವರ ಇರಲಿಲ್ಲ.

ಸಂಘದ ಕೋಣೆ ಹೆದ್ದಾರಿಯ ಅಂಚಿಗೆ, ಕೆಂಪು ಗೊನೆಗಳನ್ನು ತೂಗಿಬಿಟ್ಟ ಅಂಗಡಿಗಳ ಸಾಲಿನ ಕೊನೆಗೆ. ಒಳಗೆ ಕಾಲಿಡುವಾಗಲೇ ಓದು ಶುರುವಾಗಿತ್ತು. ಬೆಂಚುಗಳ ಮೇಲೆ, ಖಾಲಿ ಕ್ರೇಟುಗಳ ಮೇಲೆ ಜನ. ಎಲ್ಲರ ಕೈಯಲ್ಲಿ ಕಾಗದದ ಕಪ್ಪು. ಕುಡಿದು ಬಿಸಾಕುವ ಕಪ್ಪು ಬಂದಂದಿನಿಂದ ಯಾರ ಕಪ್ಪು ಯಾವುದು ಎಂಬ ಮಾತು ಈ ಕೋಣೆಯಲ್ಲಿ ಏಳುವುದಿಲ್ಲ. ಪಂಚಶೀಲಾ ಬೆನ್ನು ಮಾಡಿ ಕೂತು ಓದುತ್ತಿದ್ದಳು, ಆಕೆಯ ಕಪ್ಪು ಕೀಬೋರ್ಡಿನ ಪಕ್ಕದಲ್ಲಿ ಕೆನೆಗಟ್ಟುತ್ತಿತ್ತು. "ಹೈದರಾಬಾದಿಂದ ಒಬ್ರು ಬರದಾರ. ಈ ಹಣ್ಣಿಗೆ ಕೆಂಪು ಬಣ್ಣ ಹಚ್ಚತೀರೇನು ಅಂತ ಕೇಳ್ಯಾರ."

"ಬಣ್ಣ ಹಚ್ಚಾಕ ನಮಗ ಫುರಸತ್ ಎಲ್ಲದ, ಬರಿ ಅವ್ರಿಗೆ" ಎಂದ ಇಮಾಮುದ್ದೀನ್. ಮಾಲು ಸಾಗಿಸುವ ಟೆಂಪೋ ಅವನದು, ಅರ್ಧ ಎಕರೆ ಬಾಳೆಯೂ ಅವನದು. "ಮನಿಗೇ ಬಣ್ಣ ಹಚ್ಚಿಲ್ಲ ಮೂರು ಈದ್ ಆತು."

ಕೋಣೆ ನಕ್ಕಿತು. ದೇವೀಂದ್ರಪ್ಪ ಎದ್ದು ವಿದ್ಯಾವತಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದ, "ಬರ್ರಿ ಬಾಯಾರ, ಯಜಮಾನ್ರು ಆರಾಮ?" ಎಂದ. ಅವಳು ಕೂತಳು. ಕುರ್ಚಿಯ ಒಂದು ಕಾಲು ಅಲುಗಾಡುತ್ತಿತ್ತು.

"ಮುಂದ ಓದವ್ವಾ" ಎಂದ ದೌಲಪ್ಪ.

"ಇಷ್ಟೇ ಅದರೀ ಅಜ್ಜಾ."

"ವಾಪಸ್ ಮಾಲು?"

"ಕಾಣವಲ್ದುರೀ. ನಿನ್ನಿಲಿಂದ ಕಾಣವಲ್ದು."

ದೌಲಪ್ಪ ಕಪ್ಪನ್ನು ಕೆಳಗಿಟ್ಟ. "ಕಾಣವಲ್ದೋ, ನೀ ಓದವಲ್ಲಿಯೋ?"

ಆಕೆ ತಿರುಗಿದಳು. ತಿರುಗಿದವಳ ಕಣ್ಣಿಗೆ ಮೊದಲು ಬಿದ್ದದ್ದು ವಿದ್ಯಾವತಿ. ಮುಖ ಅರಳಿತು, ತುಂಬಿದ ಬಸ್ಸಿನಲ್ಲಿ ಪರಿಚಯದವರು ಕಂಡಂತೆ. ಆ ಅರಳಿದ್ದನ್ನು ವಿದ್ಯಾವತಿ ನೋಡಲಾರದೆ ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತು ಯಾವ ವಾರ ಎಂದು ಹುಡುಕಿದಳು. ಅಷ್ಟರಲ್ಲಿ ಇಮಾಮುದ್ದೀನ್, ತಮಾಷೆಯ ದನಿಯಲ್ಲೇ, ಹೇಳಿಬಿಟ್ಟ: "ಸುಮ್ನಿರು ಚಾಚಾ. ಆಕಿ ಅಪ್ಪ ದೇವೀಂದ್ರಪ್ಪಣ್ಣನ ತೋಟದಾಗ ಗೊನಿ ಹೊರತಾನ. ಮಾಲಕನ ಹೆಸರು ಹೆಂಗ ಓದ್ಯಾಳು? ನುಂಗ್ಯಾಳ."

ಈ ಸಲ ಯಾರೂ ನಗಲಿಲ್ಲ. ನುಂಗ್ಯಾಳ, ನುಂಗ್ಯಾಳ ಎಂದು ಹಿಂದಿನ ಕ್ರೇಟುಗಳ ಮೇಲೆ ಆ ಶಬ್ದ ಕೂತವರಿಂದ ಕೂತವರಿಗೆ ಹೋಯಿತು. ಪಂಚಶೀಲಾ ಕಂಪ್ಯೂಟರನ್ನು ಬಂದ್ ಮಾಡಿ ಚಾಲೂ ಮಾಡಿದಳು. ಅದು ಎಚ್ಚರಾಗುವವರೆಗೆ ಎಲ್ಲರೂ ಆ ಕಪ್ಪು ಪರದೆಯನ್ನೇ ನೋಡಿದರು, ಅದರಲ್ಲಿ ಅವರವರ ಮುಖವೇ ಮಸುಕಾಗಿ ಕಾಣುತ್ತಿತ್ತು. ಆಕೆ ದುಪಟ್ಟಾದ ತುದಿಯಿಂದ ಪರದೆಯನ್ನು ಒರೆಸಿದಳು, ಖಾನೆ ಧೂಳಿನ ಕೆಳಗೆ ಇದ್ದೀತೆಂಬಂತೆ. ಮತ್ತೆ ಹೆಸರು ಹೊಡೆದಳು, ಮತ್ತೆ ಒಳಗೆ ಹೋದಳು. ಆರ್ಡರು. ಗಿರಾಕಿಗಳ ಮಾತು. ಕೆಳಗೆ ಬಿಳಿ.

"ಹೋಗ್ಲಿ ಬಿಡ್ರೋ" ಎಂದ ದೇವೀಂದ್ರಪ್ಪ, ದೊಡ್ಡ ಮನಸ್ಸು ಮಾಡಿ. "ಸಣ್ಣ ಹುಡುಗಿ. ಏನೋ ತಪ್ಪಾಗಿರ್ತದ. ದೊಡ್ಡದು ಮಾಡಬ್ಯಾಡ್ರಿ."

ವಿದ್ಯಾವತಿಗೆ ಅವನ ಮೇಲೆ ಬಂದ ಸಿಟ್ಟು ಎಷ್ಟು ದೊಡ್ಡದಾಗಿತ್ತೆಂದರೆ ಅದರ ನೆರಳಿನಲ್ಲಿ ಅವಳು ಒಂದು ಗಳಿಗೆ ಆರಾಮಾಗಿ ಕೂತಳು. ಎಂಥ ಮನುಷ್ಯ! ಮುಚ್ಚಿಸಿದವನೇ ಕ್ಷಮಿಸುತ್ತಿದ್ದಾನೆ! ಆದರೆ ಆ ನೆರಳು ಹೆಚ್ಚು ಹೊತ್ತು ನಿಲ್ಲಲಿಲ್ಲ. "ಅಕ್ಕಾರ, ನೀವೇ ಒಂದೀಟು ನೋಡ್ರಿ" ಎನ್ನುತ್ತಿದ್ದಳು ಪಂಚಶೀಲಾ. "ನಾ ಏನರೆ ಒತ್ತೀನೇನು? ನಿಮಗ ನಿನ್ನಿ ಕಳಿಸಿದ್ದೆ, ನೀವು ಕೆಲಸದಾಗ ಇದ್ರಿ ಕಾಣಸ್ತದ." ಕೋಣೆಯ ಎಲ್ಲ ಮುಖಗಳೂ ಇವಳ ಕಡೆ ತಿರುಗಿದವು. ಆಕೆಯೇ ಇವಳಿಗೊಂದು ನೆವವನ್ನೂ ಕೊಟ್ಟಿದ್ದಳು, ಕೆಲಸದಾಗ ಇದ್ರಿ.

"ಸರ್ವರ್ ಪ್ರಾಬ್ಲೆಂ ಇರಬೇಕು" ಎಂಬ ಮಾತು ವಿದ್ಯಾವತಿಯ ಬಾಯಿಂದ ಹೊರಬಿತ್ತು. ಬ್ಯಾಂಕಿನಲ್ಲಿ, ರೇಶನ್ ಅಂಗಡಿಯಲ್ಲಿ, ನಾಡಕಚೇರಿಯಲ್ಲಿ ಎಲ್ಲರೂ ತಲೆಬಾಗಿ ವಾಪಸು ಹೋಗುವ ಮಾತು ಅದು. ಹಿಂದೆ ಕೂತ ಕೆಲವರು ಹೌದ್ಹೌದು ಎಂದು ತಲೆಯಾಡಿಸಿದರು ಕೂಡ. ದೌಲಪ್ಪ ಆಡಿಸಲಿಲ್ಲ.

"ಸರ್ವರ್ ಹೋದ್ರ ರೇಶನ್ ಅಂಗಡ್ಯಾಗ ಅಕ್ಕೀನೂ ಇಲ್ಲ, ಜೋಳಾನೂ ಇಲ್ಲ. ಇಲ್ಲಿ ದೇವೀಂದ್ರಪ್ಪಂದು ಒಂದೇ ಖಾನಿ ನೋಡಿ ಹೋತೇನು? ಅದಕ್ಕೂ ಅಷ್ಟು ದಾಕ್ಷಿಣ್ಯ ಅದೇನು?" ಎಂದು, ಪಂಚಶೀಲಾಳ ಬೆನ್ನಿಗೆ, ನಿಧಾನವಾಗಿ ಹೇಳಿದ: "ನಾಳಿಂದ ಬ್ಯಾರೆ ಯಾರನ್ನರೆ ಕುಂದ್ರಸ್ರಿ ಓದಾಕ. ನುಂಗೂ ಬಾಯಿ ನಮಗ ಬ್ಯಾಡ."

ಪಂಚಶೀಲಾ ಮೌಸಿನ ಮೇಲಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು, ನಂತರ ಆ ಕೈಯನ್ನು ಇನ್ನೊಂದು ಕೈಯಿಂದ ಮುಚ್ಚಿದಳು. ಎರಡೂ ಕೈಯಲ್ಲಿ ಲೋಟ ಹಿಡಿದವಳು. ಹೊರಗ ಗಾಳಿ ಛಲೋ ಅದ. ವಿದ್ಯಾವತಿಗೆ ಈ ಕೋಣೆ, ಈ ಮುದುಕ, ಈ ಅಲುಗಾಡುವ ಕುರ್ಚಿ, ಇವರ ಅಡ್ಮಿನ್ನು, ಇವರ ಲೆವೆಲ್ಲು, ಮರೆತ ಪಾಸ್‌ವರ್ಡುಗಳು, ಎಲ್ಲದರ ಮೇಲೂ ಹೇಸಿಕೆ ಬಂತು, ಎಲ್ಲಕ್ಕಿಂತ ಹೆಚ್ಚು ತನ್ನ ಕೈಗಳ ಮೇಲೆ. ಏಳಬೇಕೆಂದು ಎದ್ದವಳಲ್ಲ. ಕುರ್ಚಿಯ ಒಂದು ಕಾಲು ಮಡಚಿಕೊಂಡಂತಾಗಿ ಎದ್ದು ನಿಂತಳು. ನಿಂತ ಮೇಲೆ ಎಲ್ಲರೂ ನೋಡುತ್ತಿದ್ದರು.

"ಸಾಕು ಮಾಡ್ರಿ" ಎಂದಳು. ದನಿ ಎಣಿಸಿದ್ದಕ್ಕಿಂತ ಕೀರಲಾಗಿತ್ತು. "ಆಕಿ ಏನೂ ನುಂಗಿಲ್ಲ. ಖಾನಿ ನಾ ಮುಚ್ಚೀನಿ."

"ಏನಂದಿ?" ದೌಲಪ್ಪ ಕಿವಿಗೆ ಕೈ ಹಚ್ಚಿದ. ನಿಜವಾಗಿ ಕೇಳಲಿಲ್ಲವೋ, ಇನ್ನೊಮ್ಮೆ ಹೇಳಿಸಬೇಕೆಂದೋ.

"ನಾ ಮುಚ್ಚೀನ್ರಿ. ಆಕಿಗ ಕಾಣಬಾರ್ದಂಗ ಮಾಡೀನಿ. ಕಾರ್ಯದರ್ಶಿಯವ್ರು ಹೇಳಿದ್ರು. ಮಾಡಿದಾಕಿ ನಾ."

ಇಷ್ಟು ಹೇಳಿದರೆ ಕೋಣೆ ದೇವೀಂದ್ರಪ್ಪನ ಕಡೆ ತಿರುಗುತ್ತದೆಂದು ಅವಳು ತಿಳಿದಿದ್ದಳು. ತಿರುಗಲಿಲ್ಲ. ಅವನು ಹೇಳಿಸಿದ್ದರಲ್ಲಿ ಯಾರಿಗೂ ಆಶ್ಚರ್ಯವಿರಲಿಲ್ಲ. ಅವನನ್ನು ಅವರು ಬಲ್ಲರು. ದೌಲಪ್ಪ ಇವಳನ್ನೇ ನೋಡುತ್ತಿದ್ದ.

"ಎಲ್ಲಿಂದ ಮುಚ್ಚಿದಿ?"

"ಮನಿಯಿಂದ್ರಿ."

"ಬ್ರಹ್ಮಪುರದಿಂದ? ಅಲ್ಲಿ ಕುಂತು ಇಲ್ಲಿಂದು?"

"ಹೌದ್ರಿ."

"ಯಾ ಅಲ್ಲಾ" ಎಂದ ಇಮಾಮುದ್ದೀನ್. "ಮತ್ತ ಏನೇನು ಮುಚ್ಚೀರಿ ಬಾಯಾರ? ನಮಗ ಕಾಣಲಾರದ್ದು ಇನ್ನ ಏನೇನದ?"

ಅವಳು ಗುರುತುಗಳ ಆ ಪುಟವನ್ನು ಮನಸ್ಸಿನಲ್ಲೇ ತೆರೆದಳು. ಆ ಪುಟದಲ್ಲಿ ಎಷ್ಟೊಂದು ಚೌಕಗಳು, ಎಷ್ಟನ್ನು ಯಾರು ಹೇಳಿದ್ದಕ್ಕೆ ತೆಗೆದಳು, ಎಷ್ಟನ್ನು ಯಾರೂ ಹೇಳದೆ, ಇವರಿಗೆ ಯಾಕೆ ಇದು, ತಿಳಿಯುವುದಿಲ್ಲ ಎಂದು ತಾನೇ ತೆಗೆದಳು. ದೇವೀಂದ್ರಪ್ಪ ಕೆಂಪಗಾಗಿ, "ನಾ ಅಂದದ್ದು ಲೆವೆಲ್ ಪ್ರಕಾರ ಮಾಡ್ರಿ ಅಂತ. ಈ ಹೆಣ್ಮಗಳ ಕೂಡ ಏನು ಮಾತು, ಯಜಮಾನ್ರಿಗೇ ಹಚ್ಚತೀನಿ" ಎಂದು ಫೋನು ತೆಗೆದು ಸ್ಪೀಕರಿಗೆ ಹಾಕಿದ. ಬೇಳೆ ಮಿಲ್ಲಿನ ಗಡಗಡ ಕೋಣೆಯನ್ನು ತುಂಬಿತು. "ಅರುಣಕುಮಾರವ್ರ, ನಿಮ್ಮ ಮನಿಯವ್ರು ಇಲ್ಲಿ—"

"ಆಗ್ತದ್ರಿ ಸಾವಕಾರ್ರ!" ಗದ್ದಲದ ನಡುವಿನಿಂದ ಅರುಣಕುಮಾರ ಕೂಗಿದ. "ನಾ ಮಾಡಸ್ತೀನಿ!"

ಫೋನು ಕಟ್ಟಾಯಿತು. ಇಮಾಮುದ್ದೀನನಿಗೆ ಚಹಾ ನೆತ್ತಿಗೆ ಹತ್ತಿತು. ಯಾರೋ ಬೆನ್ನು ಗುದ್ದಿದರು. ಆ ಗದ್ದಲದಲ್ಲಿ ಪಂಚಶೀಲಾ ಎದ್ದು ಕುರ್ಚಿಯನ್ನು ಹಿಂದಕ್ಕೆ ಸರಿಸಿ ನಿಂತಳು, ವಿದ್ಯಾವತಿಗೆ ದಾರಿ ಬಿಟ್ಟು. ಮುಖದಲ್ಲಿ ಸಿಟ್ಟಿರಲಿಲ್ಲ. ಬಸ್ಸಿನಲ್ಲಿ ಪರಿಚಯದವರೆಂದು ನಕ್ಕು, ಹತ್ತಿರ ಬಂದ ಮೇಲೆ ಅವರಲ್ಲವೆಂದು ತಿಳಿದ ಮುಖ ಅದು.

ವಿದ್ಯಾವತಿ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಪಂಚಶೀಲಾಳ ಹೆಸರನ್ನು ತೆಗೆದು ತನ್ನ ಹೆಸರು ಹೊಡೆದು ಒಳಗೆ ಹೋದಳು. ಬೆನ್ನ ಹಿಂದೆ ಅಷ್ಟು ಜನ ಉಸಿರಾಡುವಾಗ ಕೆಲಸ ಮಾಡುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಈ ಹುಡುಗಿ ದಿನಾ ಹೀಗೆ ಕೂತಿದ್ದಳು. ಆ ಪುಟ ತೆರೆದಳು. "ಇದೇನದು?" ಎಂದ ದೌಲಪ್ಪ, ಸನಿಹ ಬಗ್ಗಿ. "ಯಾರಿಗೆ ಏನು ಕಾಣಬೇಕು ಅನ್ನೂದ್ರಿ." ಮುದುಕ ಆ ಸಣ್ಣ ಚೌಕಗಳನ್ನು ಬಹಳ ಹೊತ್ತು ನೋಡಿದ. "ಇಷ್ಟೇ?" ಎಂದ. ಅವಳು ಗುರುತು ಹಾಕಿದಳು. ಇದಕ್ಕೂ ರೊಟ್ಟಿ ಮಗುಚುವಷ್ಟು ಹೊತ್ತು ಹಿಡಿಯಲಿಲ್ಲ. ಖಾನೆಗಳ ಪುಟಕ್ಕೆ ಬಂದು ಪಂಚಶೀಲಾ ತನ್ನ ಹೆಸರಿನಲ್ಲೇ ಮತ್ತೆ ತೆರೆಯಲೆಂದು ಪಕ್ಕಕ್ಕೆ ಸರಿದು, "ಬಾ ಪಂಚಶೀಲಾ, ಬಂದದ ನೋಡು, ಓದು" ಎಂದಳು. ಅದರಲ್ಲಿ ಬೇಡಿಕೆಯಿತ್ತು. ಅದು ತನಗೇ ಕೇಳಿಸಿತು.

ಪಂಚಶೀಲಾ ಬರಲಿಲ್ಲ. ತನ್ನ ಕೆನೆಗಟ್ಟಿದ ಕಪ್ಪನ್ನು ಕಿಟಕಿಯಿಂದ ಹೊರಗೆ ಚೆಲ್ಲಿ, ಕಿಟ್ಲಿಯಿಂದ ಬಿಸಿ ಚಹಾ ಬಗ್ಗಿಸಿಕೊಂಡಳು. ಬೆಂಚಿನ ಹತ್ತಿರ ಹೋದಳು. ದೌಲಪ್ಪ ವಾಪಸು ಕೂತವನು ಪಕ್ಕದಲ್ಲಿ ಹಾಸಿದ್ದ ಟವೆಲನ್ನು ಎತ್ತಿ ಮೊಣಕಾಲ ಮೇಲೆ ಹಾಕಿಕೊಂಡ. ಅದು ಜಾಗ ಕೊಟ್ಟದ್ದೋ, ಟವೆಲನ್ನು ಉಳಿಸಿಕೊಂಡದ್ದೋ ಹೇಳುವಂತಿರಲಿಲ್ಲ. ಆಕೆ ಕೂತಳು.

"ನೀವೇ ಓದ್ರಿ ಅಕ್ಕಾರ" ಎಂದಳು.

ವಿದ್ಯಾವತಿ ಪರದೆಯ ಕಡೆ ತಿರುಗಿದಳು. "ವಾಪಸ್ ಬಂದ ಮಾಲು" ಎಂದು ಓದಿದಳು. "ತೋಟ…" ಎಂದು ನಿಂತಳು. ಕೆಂಪು ಅಕ್ಷರದಲ್ಲಿ ದೇವೀಂದ್ರಪ್ಪನ ಹೆಸರು, ಅದರ ಮುಂದೆ ವಾಪಸು ಕಳಿಸಿದ ಕಾರಣ. ಹಿಂದೆ ಅವನು ಕೆಮ್ಮಿದ. ಹೆಸರನ್ನು ಓದಿದಳು, ತುಟಿಯ ಒಳಗೇ.

"ಜೋರಾಗಿ ಓದ್ರಿ ಅಕ್ಕಾರ" ಎಂದಳು ಪಂಚಶೀಲಾ, ಚಹಾ ಊದುತ್ತ. "ಹಿಂದ ಕುಂತವ್ರಿಗೆ ಕೇಳವಲ್ದು."